ಸಿಂಗಲ್ ಬೋರ್ಡ್ ಕಂಪ್ಯೂಟರ್‌ನಿಂದ ಮನೆಯ ವೈಫೈ ರೌಟರ್

ಪ್ರೊಸೆಸರ್, ಮೆಮೊರಿ, ಯುಎಸ್‌ಬಿ ಮತ್ತು ನೆಟ್‌ವರ್ಕ್ ಪೋರ್ಟ್‌ಗಳೆಲ್ಲ ಒಂದೇ ಫಲಕದ ಮೇಲೆ ಕೂತಿರುವ, ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರಿಗೆ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದು ಹೆಸರು. ಹೊರಗಿನಿಂದ ಮನೆಗೆ ಬರುವ ಇಂಟರ್ನೆಟ್ ತಂತಿಗೂ ಮನೆಯೊಳಗಿನ ಫೋನು, ಲ್ಯಾಪ್‌ಟಾಪು, ಟಿವಿಗಳಿಗೂ ನಡುವೆ ಇಂಥದೊಂದು ಬೋರ್ಡನ್ನು ಕೂರಿಸಿ, ತಕ್ಕ ಸಾಫ್ಟ್‌ವೇರ್ ತುಂಬಿ, ಅಂಗಡಿಯ ರೌಟರ್ ಮಾಡುವ ಕೆಲಸವನ್ನು ಅದಕ್ಕೆ ವಹಿಸಬಹುದು. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ ಈ ಕೆಲಸಕ್ಕೆ ಹೆಚ್ಚು ಬಳಕೆಯಾದ ಬೋರ್ಡ್. ನ್ಯಾನೊಪೈ, ಬನಾನಾ ಪೈ ಮುಂತಾದವು ನಂತರ ಬಂದು, ರೌಟರ್ ಕೆಲಸದ ಮಟ್ಟಿಗೆ ಅದನ್ನು ಮೀರಿಸಿವೆ.

ರೌಟರ್ ಎಂದು ನಾವು ಕರೆಯುವ ಪೆಟ್ಟಿಗೆಯೊಳಗೆ ನಾಲ್ಕೈದು ಬೇರೆ ಬೇರೆ ಕೆಲಸಗಳು ಒಟ್ಟಿಗೆ ವಾಸವಾಗಿವೆ. ಒಂದು ಜಾಲದಿಂದ ಇನ್ನೊಂದಕ್ಕೆ ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳನ್ನು ದಾಟಿಸುವುದು, ಮನೆಯ ಸಾಧನಗಳಿಗೆ ವಿಳಾಸ ಹಂಚುವುದು, ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ತಿರುಗಿಸಿಕೊಡುವುದು, ಹೊರಗಿನವರು ಒಳನುಗ್ಗದಂತೆ ತಡೆಯುವುದು, ಇವೆಲ್ಲ ಸಾಫ್ಟ್‌ವೇರಿನ ಕೆಲಸ. ವೈಫೈ ಅಲೆ ಬೀರುವುದು ಮಾತ್ರ ರೇಡಿಯೊ ಮತ್ತು ಆಂಟೆನಾಗಳ ಕೆಲಸ. ಈ ಎರಡು ಬಗೆಯ ಕೆಲಸಗಳನ್ನು ಮನಸ್ಸಿನಲ್ಲಿ ಬೇರೆಯಾಗಿ ಇಟ್ಟುಕೊಂಡರೆ ಈ ವಿಷಯದ ಅರ್ಧ ಗೊಂದಲ ತಿಳಿಯಾಗುತ್ತದೆ. ಮೊದಲ ಬಗೆಯದನ್ನು ಪುಟ್ಟ ಬೋರ್ಡ್ ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದರಲ್ಲಿ ಅದು ಸಾಮಾನ್ಯವಾಗಿ ಸೋಲುತ್ತದೆ.

ಹಿನ್ನೆಲೆ

ಈ ಪದ್ಧತಿಯ ಬೇರು ಬೋರ್ಡ್‌ಗಳಿಗಿಂತ ಹಳೆಯದು. ಲಿಂಕ್‌ಸಿಸ್ ಕಂಪನಿ 2002ರ ಡಿಸೆಂಬರಿನಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೌಟರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗೆ ಓಡುತ್ತಿರುವುದು ಲಿನಕ್ಸ್ ಎಂಬುದನ್ನು ಮರುವರ್ಷ ಕುತೂಹಲಿ ಪ್ರೋಗ್ರಾಮರ್‌ಗಳು ಪತ್ತೆಹಚ್ಚಿದರು. ಲಿನಕ್ಸ್‌ನ ಪರವಾನಗಿಯಾದ ಜಿಪಿಎಲ್ ಪ್ರಕಾರ, ಅದನ್ನು ಬಳಸಿ ಮಾಡಿದ ಸಾಧನ ಮಾರುವವರು ಆ ಭಾಗದ ಮೂಲಸಂಕೇತವನ್ನೂ ಕೊಡಬೇಕು. ಅಷ್ಟರಲ್ಲಿ ಲಿಂಕ್‌ಸಿಸ್ ಸಿಸ್ಕೊ ಪಾಲಾಗಿತ್ತು. ಒತ್ತಾಯ ಹೆಚ್ಚಿ, 2003ರಲ್ಲಿಯೇ ಮೂಲಸಂಕೇತ ಹೊರಬಂತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಶುರುವಾಯಿತು. ಹೆಸರಿನಲ್ಲಿ ಆ ಹಳೆಯ ರೌಟರಿನ ಮೂರು ಅಕ್ಷರ ಇಂದಿಗೂ ಉಳಿದಿವೆ. ಆ ರೌಟರಿನ ಮೊದಲ ಆವೃತ್ತಿಯಲ್ಲಿ ಇದ್ದದ್ದು 16 ಮೆಗಾಬೈಟ್ ಮೆಮೊರಿ, 4 ಮೆಗಾಬೈಟ್ ಫ್ಲ್ಯಾಶ್ ಸಂಗ್ರಹ. ಇಷ್ಟರಲ್ಲಿ ಇಡೀ ಮನೆಯ ಜಾಲ ನಡೆಯುತ್ತಿತ್ತು ಎಂಬುದು, ರೌಟರ್ ಕೆಲಸಕ್ಕೆ ಬೇಕಾದ ಗಣನಶಕ್ತಿ ಎಷ್ಟು ಕಡಿಮೆ ಎಂಬುದನ್ನು ಹೇಳುತ್ತದೆ.

ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, 35 ಡಾಲರಿಗೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಮಾಡಿದ ಈ ಬೋರ್ಡಿನಲ್ಲಿ ಆ ಹಳೆಯ ರೌಟರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮೆಮೊರಿ ಇತ್ತು, ಲಿನಕ್ಸ್ ಇತ್ತು, ಒಂದು ನೆಟ್‌ವರ್ಕ್ ಪೋರ್ಟೂ ಇತ್ತು. ಇದನ್ನೇ ರೌಟರ್ ಮಾಡಿದರೇನು ಎಂಬ ಯೋಚನೆ ಹಲವರಿಗೆ ಬಂದದ್ದು ಸಹಜ.

ಪ್ಯಾಕೆಟ್ ದಾಟುವ ಬಗೆ

ಮನೆಯೊಳಗಿನ ವಿಳಾಸಗಳು ಸಾಮಾನ್ಯವಾಗಿ 192.168 ಅಥವಾ 10 ಎಂದು ಆರಂಭವಾಗುತ್ತವೆ. ಖಾಸಗಿ ಜಾಲಗಳಿಗೆಂದು ಈ ಸಾಲುಗಳನ್ನು ತೆಗೆದಿರಿಸುವ ಈಗಿನ ನಿಯಮ 1996ರದು. ಇವು ಹೊರಗಿನ ಇಂಟರ್ನೆಟ್ಟಿನಲ್ಲಿ ಚಲಾವಣೆಯಲ್ಲಿಲ್ಲ. ಆದ್ದರಿಂದ ಫೋನಿನಿಂದ ಹೊರಟ ಪ್ಯಾಕೆಟ್ಟಿನ ಮೇಲೆ ಬರೆದಿರುವ ಕಳಿಸಿದವರ ವಿಳಾಸವನ್ನು ಅಳಿಸಿ, ರೌಟರ್ ತನ್ನ ಸಾರ್ವಜನಿಕ ವಿಳಾಸವನ್ನು ಬರೆಯುತ್ತದೆ. ಯಾರ ಪ್ಯಾಕೆಟ್ ಯಾವ ಪೋರ್ಟ್ ಸಂಖ್ಯೆಯಲ್ಲಿ ಹೋಯಿತು ಎಂಬ ಲೆಕ್ಕವನ್ನು ಒಂದು ಕೋಷ್ಟಕದಲ್ಲಿ ಇಟ್ಟುಕೊಂಡು, ಉತ್ತರ ಬಂದಾಗ ಮತ್ತೆ ಅದೇ ಫೋನಿಗೆ ತಲುಪಿಸುತ್ತದೆ. ನ್ಯಾಟ್ ಎಂಬ ಈ ಉಪಾಯ 1994ರಲ್ಲಿ ಪ್ರಸ್ತಾವಕ್ಕೆ ಬಂದದ್ದು ತಾತ್ಕಾಲಿಕ ಪರಿಹಾರವಾಗಿ. ಐಪಿ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಆತಂಕ ಆಗ ಶುರುವಾಗಿತ್ತು. ಮೂರು ದಶಕ ಕಳೆದರೂ ಅದು ಪ್ರತಿ ಮನೆಯಲ್ಲೂ ಇದೆ.

ಲಿನಕ್ಸ್‌ನಲ್ಲಿ ವಿಳಾಸ ಬದಲಾಯಿಸುವುದು, ತಡೆಯುವುದು ಎರಡೂ ಅದರ ತಿರುಳಾದ ಕರ್ನೆಲ್‌ನೊಳಗೇ ನಡೆಯುತ್ತವೆ. ಹಿಂದೆ ಇದಕ್ಕೆ ನಿಯಮ ಬರೆಯಲು ಐಪಿಟೇಬಲ್ಸ್ ಇತ್ತು, 2014ರ 3.13 ಕರ್ನೆಲ್‌ನೊಂದಿಗೆ ಎನ್‌ಎಫ್‌ಟೇಬಲ್ಸ್ ಬಂತು, ಓಪನ್‌ಡಬ್ಲ್ಯುಆರ್‌ಟಿ 2022ರ ಆವೃತ್ತಿಯಲ್ಲಿ ಅದಕ್ಕೆ ಬದಲಾಯಿತು. ವಿಳಾಸ ಹಂಚುವ ಮತ್ತು ಹೆಸರು ತಿರುಗಿಸುವ ಎರಡು ಕೆಲಸವನ್ನೂ ಸೈಮನ್ ಕೆಲ್ಲಿ ಬರೆದ ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ಪುಟ್ಟ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ವೈಫೈ ಕಡೆ ಯೌನಿ ಮಾಲಿನೆನ್ ಬರೆದ ಹೋಸ್ಟ್‌ಎಪಿಡಿ ಪಾಸ್‌ವರ್ಡ್ ಪರೀಕ್ಷಿಸಿ ಸಾಧನಗಳನ್ನು ಸೇರಿಸಿಕೊಳ್ಳುತ್ತದೆ. ಅಂಗಡಿಯ ಎಷ್ಟೋ ರೌಟರ್‌ಗಳ ಒಳಗೂ ಇವೇ ಪ್ರೋಗ್ರಾಂಗಳಿವೆ, ಎಷ್ಟೋ ಸಲ ಹಳೆಯ ಆವೃತ್ತಿಯಲ್ಲಿ. ಸ್ವಂತ ಬೋರ್ಡ್ ಇಡುವುದಕ್ಕೆ ಇರುವ ಬಲವಾದ ಕಾರಣ ಇದೇ. ವೈಫೈ ಭದ್ರತೆಯಲ್ಲಿ ಕ್ರ್ಯಾಕ್ ಎಂಬ ದೋಷವನ್ನು ಮಾತಿ ವಾನ್‌ಹೂಫ್ 2017ರ ಅಕ್ಟೋಬರಿನಲ್ಲಿ ಬಹಿರಂಗಪಡಿಸಿದಾಗ ಮುಕ್ತ ಸಾಫ್ಟ್‌ವೇರಿನವರು ದಿನಗಳೊಳಗೆ ತಿದ್ದಿಕೊಂಡರು. ತಯಾರಕರು ಕೈಬಿಟ್ಟ ಹಳೆಯ ಪೆಟ್ಟಿಗೆಗಳಿಗೆ ಆ ತಿದ್ದುಪಡಿ ಬರಲೇ ಇಲ್ಲ.

ಬೋರ್ಡ್ ಮತ್ತು ಪೋರ್ಟ್

ರೌಟರ್ ಎಂದರೆ ಎರಡು ಜಾಲಗಳ ನಡುವಿನದು. ಹಾಗಾಗಿ ಕನಿಷ್ಠ ಎರಡು ದಾರಿ ಬೇಕು. ರಾಸ್ಪ್‌ಬೆರಿ ಪೈಯಲ್ಲಿ ತಂತಿಯ ಪೋರ್ಟ್ ಒಂದೇ. ಈ ಒಂದು ಕೊರತೆಯ ಸುತ್ತಲೇ ಎಲ್ಲ ವಿನ್ಯಾಸಗಳೂ ತಿರುಗುತ್ತವೆ.

ಹೊರಗಿನ ಸಂಪರ್ಕವನ್ನು ಆ ಪೋರ್ಟಿಗೆ ಕೊಟ್ಟು, ಬೋರ್ಡಿನ ವೈಫೈಯನ್ನೇ ಮನೆಗೆ ಹಂಚುವುದು ಅತಿ ಸುಲಭದ ದಾರಿ. ಎರಡನೆಯ ತಂತಿ ಬೇಕಿದ್ದರೆ ಯುಎಸ್‌ಬಿಗೆ ಚುಚ್ಚುವ ಈಥರ್ನೆಟ್ ಅಡಾಪ್ಟರ್ ಸಿಗುತ್ತದೆ. ರಿಯಲ್‌ಟೆಕ್‌ನ 8153 ಚಿಪ್ ಇರುವವು ಲಿನಕ್ಸ್‌ನಲ್ಲಿ ನೇರ ಕೆಲಸ ಮಾಡುತ್ತವೆ. ಮೂರನೆಯದು ತುಸು ಜಾಣ ದಾರಿ: ವಿಎಲ್‌ಎಎನ್ ಬಲ್ಲ ಸ್ವಿಚ್ ಒಂದನ್ನು ಪಕ್ಕದಲ್ಲಿಟ್ಟು, ಒಂದೇ ಕೇಬಲ್ಲಿನಲ್ಲಿ ಹೊರಗಿನ ಮತ್ತು ಒಳಗಿನ ಸಂಚಾರವನ್ನು ಬೇರೆ ಬೇರೆ ಗುರುತು ಹಚ್ಚಿ ಕಳಿಸುವುದು. ಒಂದೇ ತಂತಿಯಲ್ಲಿ ಪ್ರತಿ ಪ್ಯಾಕೆಟ್ ಹೋಗಿಯೂ ಬರಬೇಕಾದರೂ, ತಂತಿ ಎರಡೂ ದಿಕ್ಕಿಗೆ ಏಕಕಾಲಕ್ಕೆ ಗಿಗಾಬಿಟ್ ಒಯ್ಯುವುದರಿಂದ ಡೌನ್‌ಲೋಡ್ ವೇಗಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ.

ಯಾವ ತಲೆಮಾರಿನ ಪೈ ಎಂಬುದು ಇಲ್ಲಿ ಬಹಳ ಮುಖ್ಯ. ಮೊದಲಿನಿಂದ ಪೈ 3ರವರೆಗೆ ನೆಟ್‌ವರ್ಕ್ ಪೋರ್ಟೂ ಯುಎಸ್‌ಬಿ ಪೋರ್ಟ್‌ಗಳೂ ಸೇರಿ ಒಂದೇ ಯುಎಸ್‌ಬಿ 2.0 ಕೊಂಡಿಯ ಮೂಲಕ ಪ್ರೊಸೆಸರನ್ನು ತಲುಪುತ್ತಿದ್ದವು, ತಂತಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್. 2018ರ ಪೈ 3ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಪೋರ್ಟ್ ಬಂದರೂ ಹಿಂದಿನ ಕೊಂಡಿ ಅದೇ ಆದ್ದರಿಂದ ಸುಮಾರು 300 ಮೆಗಾಬಿಟ್ಟಿಗೆ ನಿಲ್ಲುತ್ತಿತ್ತು. 2019ರ ಜೂನ್‌ನಲ್ಲಿ ಬಂದ ಪೈ 4ರಲ್ಲಿ ನಿಜವಾದ ಗಿಗಾಬಿಟ್ ಪೋರ್ಟೂ ಬೇರೆಯಾಗಿ ಯುಎಸ್‌ಬಿ 3.0 ಕೂಡ ದೊರೆತವು. ಮನೆಯ ರೌಟರಾಗಿ ನಿಲ್ಲಬಲ್ಲ ಮೊದಲ ಪೈ ಇದೇ ಎನ್ನಬೇಕು. 2020ರ ಕಂಪ್ಯೂಟ್ ಮಾಡ್ಯೂಲ್ 4 ಪಿಸಿಐ ಎಕ್ಸ್‌ಪ್ರೆಸ್ ದಾರಿಯನ್ನು ಹೊರಗೆ ತೆರೆದಿಟ್ಟಿತು. ಅದಕ್ಕೆ ಹೊಂದುವ ಎರಡು ಗಿಗಾಬಿಟ್ ಪೋರ್ಟಿನ ಪುಟ್ಟ ತಳಹಲಗೆಗಳನ್ನು ಬೇರೆ ತಯಾರಕರು ರೌಟರಿಗೆಂದೇ ಮಾಡಿದರು.

ರೇಡಿಯೊ

ಪೈ 3ರಿಂದೀಚೆಗೆ ವೈಫೈ ಬೋರ್ಡಿನಲ್ಲೇ ಇದೆ. ಅದು ಫೋನಿನಂತೆ ಒಂದು ಜಾಲಕ್ಕೆ ಹೋಗಿ ಸೇರಿಕೊಳ್ಳಲೆಂದು ಮಾಡಿದ ರೇಡಿಯೊ, ಹತ್ತಾರು ಸಾಧನಗಳನ್ನು ಸಾಕಲೆಂದು ಮಾಡಿದ್ದಲ್ಲ. ಫಲಕದ ಮೇಲೇ ಇರುವ ಒಂದೇ ಆಂಟೆನಾ, ಒಂದೇ ಧಾರೆ. ಪೈ 4ರ ಚಿಪ್ 5 ಗಿಗಾಹರ್ಟ್ಸ್‌ನಲ್ಲಿ ಕಾಗದದ ಮೇಲೆ ಮುಟ್ಟುವ ಗರಿಷ್ಠ 433 ಮೆಗಾಬಿಟ್. ಗೋಡೆ ದಾಟಿದ ಮೇಲೆ ಸಿಗುವುದು ಅದರಲ್ಲೊಂದು ಸಣ್ಣ ಪಾಲು. ಸಂಪರ್ಕದ ಹೊಣೆಯ ಬಹುಭಾಗ ಚಿಪ್ಪಿನೊಳಗಿನ ಮುಚ್ಚಿದ ಫರ್ಮ್‌ವೇರಿನಲ್ಲಿದೆ. ಒಟ್ಟಿಗೆ ಎಷ್ಟು ಸಾಧನ ಸೇರಬಹುದು ಎಂಬ ಮಿತಿಯೂ ಅಲ್ಲೇ ನಿಗದಿಯಾಗಿದೆ, ಆ ಮಿತಿ ಸಣ್ಣದು. ಇಬ್ಬರು ಮೂವರ ಮನೆಯಲ್ಲಿಯೂ ಫೋನು, ಟಿವಿ, ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳು ಸೇರಿ ಹತ್ತು ದಾಟುವ ಈ ಕಾಲದಲ್ಲಿ ಇದು ಸಾಲದು.

ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕುವವರು ಚಿಪ್ ನೋಡಿ ಕೊಳ್ಳಬೇಕು. ಮೀಡಿಯಾಟೆಕ್‌ನ 7612 ಮತ್ತು 7921 ಸರಣಿಯವಕ್ಕೆ ಕರ್ನೆಲ್‌ನಲ್ಲೇ ಚಾಲಕ ಇದೆ. ಕರ್ನೆಲ್‌ನ ಹೊರಗಿನ ಚಾಲಕ ಬೇಡುವ ಅಡಾಪ್ಟರ್‌ಗಳು ಪ್ರತಿ ಅಪ್‌ಡೇಟಿನಲ್ಲೂ ಮುರಿದುಬೀಳುವ ಭಯ ಇದ್ದೇ ಇದೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಯುಎಸ್‌ಬಿ 3.0 ಸಂಜ್ಞೆಯೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸದ್ದು ಹರಡುತ್ತದೆ. ಇಂಟೆಲ್ 2012ರಲ್ಲಿಯೇ ಇದನ್ನು ಅಳೆದು ಪ್ರಕಟಿಸಿತ್ತು. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿದ ಕೂಡಲೇ ವೈಫೈ ಬಡವಾದರೆ ಕಾರಣ ಅದೇ ಇರಬಹುದು. ಅಡಾಪ್ಟರನ್ನು ಒಂದು ಉದ್ದ ಕೇಬಲ್ಲಿನ ತುದಿಗೆ ದೂರ ಇಟ್ಟರೆ ತೊಂದರೆ ಕಡಿಮೆಯಾಗುತ್ತದೆ.

ಅನುಭವಿಗಳು ಬಂದು ನಿಲ್ಲುವ ವ್ಯವಸ್ಥೆ ಹೀಗಿದೆ: ಜಾಲದ ಬುದ್ಧಿಯೆಲ್ಲ ಬೋರ್ಡಿನಲ್ಲಿ, ರೇಡಿಯೊ ಮಾತ್ರ ವೈಫೈ ಅಲೆಯನ್ನಷ್ಟೇ ಬೀರುವ ಬೇರೆ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟಿನಲ್ಲಿ. ಹಳೆಯ ರೌಟರ್ ಮೂಲೆಯಲ್ಲಿ ಬಿದ್ದಿದ್ದರೆ ಅದರ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಕೆಲಸವನ್ನು, ನಿಲ್ಲಿಸಿ, ಲ್ಯಾನ್ ಪೋರ್ಟಿನಿಂದ ಬೋರ್ಡಿಗೆ ಜೋಡಿಸಿದರೆ ಅದೇ ಆಕ್ಸೆಸ್ ಪಾಯಿಂಟ್. ಕೊಳ್ಳುವ ಖರ್ಚೂ ಇಲ್ಲ. ಹಾಗೆ ಮಾಡಿದಾಗ ಆಕ್ಸೆಸ್ ಪಾಯಿಂಟನ್ನು ಮನೆಯ ನಡುವೆ ಎತ್ತರದಲ್ಲಿ ಇಡಬಹುದು, ಬೋರ್ಡ್ ಫೈಬರ್ ಬರುವ ಮೂಲೆಯಲ್ಲೇ ಇರಬಹುದು.

ರೇಡಿಯೊ ಬಳಕೆಗೆ ಕಾನೂನಿನ ಗಡಿಯೂ ಇದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತ ಮಾಡಲಾಯಿತು. 5 ಗಿಗಾಹರ್ಟ್ಸ್‌ನ ವಿಶಾಲ ಭಾಗ ಮುಕ್ತವಾದದ್ದು 2018ರ ಅಕ್ಟೋಬರಿನ ಅಧಿಸೂಚನೆಯಿಂದ. ಸೆಟ್ಟಿಂಗ್‌ನಲ್ಲಿ ದೇಶವನ್ನು ಭಾರತ ಎಂದು ಆರಿಸದಿದ್ದರೆ ಎಷ್ಟೋ ಸಲ 5 ಗಿಗಾಹರ್ಟ್ಸ್ ವೈಫೈ ಎದ್ದೇಳುವುದೇ ಇಲ್ಲ. 36ರಿಂದ 48ರವರೆಗಿನ ಅಥವಾ 149ರಿಂದ ಮೇಲಿನ ಚಾನೆಲ್ ತೊಂದರೆಯಿಲ್ಲದ ಆಯ್ಕೆ. ನಡುವಿನವು ರಾಡಾರ್‌ಗಳೊಂದಿಗೆ ಹಂಚಿಕೊಂಡವು, ಅಲ್ಲಿ ರೇಡಿಯೊ ಮೊದಲು ಕಿವಿಗೊಟ್ಟು ಕೇಳಿ ನಂತರ ಮಾತಾಡಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಒತ್ತೊತ್ತಾದ ಅಪಾರ್ಟ್‌ಮೆಂಟಿನಲ್ಲಿ ಇವೂ ತುಂಬಿಹೋಗಿರುತ್ತವೆ.

ಸಾಫ್ಟ್‌ವೇರ್

ದಾರಿಗಳು ಮುಖ್ಯವಾಗಿ ಎರಡು. ಕಲಿಯಬೇಕೆನ್ನುವವರಿಗೆ ಬೋರ್ಡಿನ ಸಾಮಾನ್ಯ ಲಿನಕ್ಸ್ ಸಾಕು. ರಾಸ್ಪ್‌ಬೆರಿ ಪೈ ಓಎಸ್ 2023ರ ಅಕ್ಟೋಬರಿನಿಂದ ನೆಟ್‌ವರ್ಕ್ ಮ್ಯಾನೇಜರ್ ಬಳಸುತ್ತದೆ. ಹಾಟ್‌ಸ್ಪಾಟ್ ಆರಂಭಿಸುವ ಒಂದೇ ಆಜ್ಞೆಯಿಂದ ವೈಫೈ ಎದ್ದು, 10.42.0 ಸಾಲಿನ ವಿಳಾಸಗಳನ್ನು ಹಂಚಿ, ನ್ಯಾಟನ್ನೂ ಹೂಡಿಬಿಡುತ್ತದೆ. ಪ್ರತಿ ಭಾಗವನ್ನೂ ಕೈಯಾರೆ ಜೋಡಿಸುವವರು ಹೋಸ್ಟ್‌ಎಪಿಡಿಯನ್ನೂ ಡಿಎನ್‌ಎಸ್‌ಮಾಸ್ಕನ್ನೂ ಬೇರೆ ಬೇರೆ ಬರೆದು, ಕರ್ನೆಲ್‌ನಲ್ಲಿ ಪ್ಯಾಕೆಟ್ ದಾಟಿಸುವ ಅನುಮತಿ ಕೊಟ್ಟು, ಕೊನೆಗೆ ವಿಳಾಸ ಮರೆಮಾಚುವ ಒಂದು ನಿಯಮ ಸೇರಿಸುತ್ತಾರೆ. ಜಾಲದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲೂ ಸಿಗುವುದು ಕಷ್ಟ.

ಮನೆಮಂದಿ ದಿನವೂ ನೆಚ್ಚಿಕೊಳ್ಳುವ ರೌಟರಾದರೆ ಓಪನ್‌ಡಬ್ಲ್ಯುಆರ್‌ಟಿಯೇ ಸರಿ. ಆಯಾ ಬೋರ್ಡಿನ ಇಮೇಜನ್ನು ಮೆಮೊರಿ ಕಾರ್ಡಿಗೆ ಬರೆದು, ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ತೆರೆದರೆ ಲೂಸಿ ಎಂಬ ನಿರ್ವಹಣಾ ಪುಟ ಬರುತ್ತದೆ. ಮೊದಲ ಸಲ ಪಾಸ್‌ವರ್ಡ್ ಇರುವುದಿಲ್ಲ, ವೈಫೈ ಮುಚ್ಚಿರುತ್ತದೆ. ಪಾಸ್‌ವರ್ಡ್ ಇಟ್ಟ ನಂತರವೇ ಹೊರಗಿನ ತಂತಿಯನ್ನು ಚುಚ್ಚಬೇಕು. ಸ್ಕ್ವಾಶ್‌ಎಫ್‌ಎಸ್ ಎಂಬ ಬಗೆಯ ಇಮೇಜ್ ಆರಿಸಿಕೊಂಡರೆ ಮೂಲ ವ್ಯವಸ್ಥೆ ಬದಲಾಗದಂತೆ ಕೆಳಗಿದ್ದು, ನಮ್ಮ ತಿದ್ದುಪಡಿ ಮಾತ್ರ ಮೇಲಿನ ಪದರದಲ್ಲಿರುತ್ತದೆ. ಎಡವಟ್ಟಾದರೆ ಮೇಲಿನ ಪದರ ಅಳಿಸಿ ಮೊದಲಿನಿಂದ ಶುರು ಮಾಡಬಹುದು. ಲಾಗ್‌ಗಳು ಮೆಮೊರಿಯಲ್ಲೇ ಉಳಿಯುವುದರಿಂದ ಕಾರ್ಡಿನ ಆಯಸ್ಸೂ ಹೆಚ್ಚು.

ಭಾರತದ ಫೈಬರ್ ಸಂಪರ್ಕಗಳಲ್ಲಿ ಹಲವು ಇಂದಿಗೂ ಪಿಪಿಪಿಒಇ ಬಳಸುತ್ತವೆ, ಅಂದರೆ ರೌಟರೇ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಇದಕ್ಕೆ ಕಂಪನಿಯ ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡಿಗೆ ಹಾಕಿಸಿಕೊಳ್ಳಬೇಕು, ಕೆಲವೆಡೆ ವಿಎಲ್‌ಎಎನ್ ಸಂಖ್ಯೆಯನ್ನೂ ಕೇಳಿಕೊಳ್ಳಬೇಕು. ಪಿಪಿಪಿಒಇ ಪ್ರತಿ ಪ್ಯಾಕೆಟ್ಟಿನಲ್ಲಿ 8 ಬೈಟ್ ತಿನ್ನುತ್ತದೆ. 1500 ಇದ್ದ ಗರಿಷ್ಠ ಗಾತ್ರ 1492ಕ್ಕೆ ಇಳಿಯುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಕೆಲವು ಜಾಲತಾಣ ತೆರೆದು ಕೆಲವು ಸುಮ್ಮನೆ ತಿರುಗುತ್ತ ಕೂರುವ ವಿಚಿತ್ರ ರೋಗ ಕಾಣಿಸಿಕೊಳ್ಳುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದಕ್ಕೆ ಮದ್ದು ಮೊದಲೇ ಇದೆ. ಕೈಯಾರೆ ಜೋಡಿಸುವವರು ಮರೆಯಬಾರದು. ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಇನ್ನೊಂದು ಸುತ್ತಿನ ನ್ಯಾಟ್ ಮಾಡುತ್ತಿದೆ ಎಂದರ್ಥ. ಆಗ ಮನೆಯ ಕ್ಯಾಮೆರಾವನ್ನು ಊರಿನಿಂದ ನೋಡಲು ಐಪಿವಿ6 ಇಲ್ಲವೇ ಹೊರಗಿನ ಸರ್ವರ್ ಒಂದರ ನೆರವು ಬೇಕಾಗುತ್ತದೆ.

ಸರದಿಯ ಸಮಸ್ಯೆ

ಬೋರ್ಡ್ ತನ್ನ ಯೋಗ್ಯತೆಯನ್ನು ನಿಜವಾಗಿ ತೋರಿಸುವ ಜಾಗ ಇದು. ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಕಳಿಸಲು ಶುರು ಮಾಡಿದ ಕೂಡಲೇ ಇನ್ನೊಬ್ಬರ ವಿಡಿಯೊ ಕರೆ ತಡವರಿಸುತ್ತದೆ. ಪ್ಲಾನಿನ ವೇಗ ಹೆಚ್ಚಿಸಿಕೊಂಡರೂ ಅದು ಪೂರ್ತಿ ಹೋಗುವುದಿಲ್ಲ. 2010ರಲ್ಲಿ ಜಿಮ್ ಗೆಟ್ಟಿಸ್ ತಮ್ಮ ಮನೆಯ ಸಂಪರ್ಕ ಹೀಗೆ ಒದ್ದಾಡುವುದನ್ನು ಬೆನ್ನುಹತ್ತಿ ಹೋಗಿ ಕಾರಣ ಕಂಡರು: ಮೋಡೆಮ್, ರೌಟರ್‌ಗಳಲ್ಲಿ ತಯಾರಕರು ಧಾರಾಳವಾಗಿ ಇಟ್ಟಿರುವ ಬಫರ್. ಪ್ಯಾಕೆಟ್ ಕಳೆಯಬಾರದೆಂದು ಇಟ್ಟ ಆ ಜಾಗದಲ್ಲಿ ಪ್ಯಾಕೆಟ್‌ಗಳು ಸೆಕೆಂಡುಗಟ್ಟಲೆ ಕಾಯುತ್ತವೆ. ಕಳೆದುಹೋದ ಪ್ಯಾಕೆಟ್ಟೇ ಕಳಿಸುವವರಿಗೆ ನಿಧಾನಿಸಿ ಎಂಬ ಸೂಚನೆ. ಆ ಸೂಚನೆ ತಲುಪದೆ ಅವರು ಇನ್ನಷ್ಟು ತುಂಬುತ್ತಾರೆ. ಗೆಟ್ಟಿಸ್ ಇದನ್ನು ಬಫರ್‌ಬ್ಲೋಟ್ ಎಂದು ಕರೆದರು.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಸರದಿ ಎಷ್ಟು ಉದ್ದ ಎಂದು ಅಳೆಯುವುದನ್ನು ಬಿಟ್ಟು, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ಅಳೆಯುವುದು ಅದರ ಮರ್ಮ. 100 ಮಿಲಿಸೆಕೆಂಡುಗಳ ಅವಧಿಯಲ್ಲಿ ಕಾಯುವ ಹೊತ್ತು ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದೊಂದೇ ಪ್ಯಾಕೆಟ್ಟನ್ನು ಕೈಬಿಡಲು ತೊಡಗುತ್ತದೆ. ಇದಕ್ಕೆ ಪ್ರತಿ ಹರಿವಿಗೂ ಬೇರೆ ಸರದಿ ಕೊಡುವ ಏರ್ಪಾಡು ಸೇರಿ ಎಫ್‌ಕ್ಯೂ-ಕೋಡೆಲ್ ಆಯಿತು. ಅದರ ಮುಂದಿನ ರೂಪವಾದ ಕೇಕ್ 2018ರ 4.19 ಕರ್ನೆಲ್‌ನಲ್ಲಿ ಬಂತು. ಡೇವ್ ಟಾಟ್ ಈ ಕೆಲಸಕ್ಕೆ ತಮ್ಮ ಬದುಕಿನ ದೊಡ್ಡ ಭಾಗವನ್ನೇ ಕೊಟ್ಟವರು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡ ಅವರಿಗೆ, ಅಡೆತಡೆಯಿಲ್ಲದೆ ವಿಡಿಯೊ ಕರೆ ಮಾಡುವ ಅಸಂಖ್ಯ ಮನೆಗಳು ಋಣಿಯಾಗಿವೆ.

ಕೇಕನ್ನು ಹೂಡುವಾಗ ವೇಗವನ್ನು ಸಂಪರ್ಕದ ನಿಜ ವೇಗಕ್ಕಿಂತ ತುಸು ಕಡಿಮೆ, 100ಕ್ಕೆ 90 ಅಥವಾ 95ರಂತೆ, ಬರೆಯಬೇಕು. ಆಗಷ್ಟೇ ಸರದಿ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ಬೋರ್ಡಿನಲ್ಲಿ, ನಮ್ಮ ಹಿಡಿತದಲ್ಲಿ ಉಳಿಯುತ್ತದೆ. ಅಗ್ಗದ ರೌಟರ್‌ಗಳು ವೇಗವಾಗಿ ಓಡುವುದು ಪ್ಯಾಕೆಟ್ಟನ್ನು ಪ್ರೊಸೆಸರಿಗೆ ತೋರಿಸದೆ ಯಂತ್ರಾಂಶದಲ್ಲೇ ದಾಟಿಸುವ ಅಡ್ಡದಾರಿಯಿಂದ. ಕೇಕ್ ಹಾಕಿದೊಡನೆ ಆ ಅಡ್ಡದಾರಿ ಮುಚ್ಚಿ, ದುರ್ಬಲ ಪ್ರೊಸೆಸರ್ ಸುಸ್ತಾಗುತ್ತದೆ. ಪೈ 4ರ ನಾಲ್ಕು ಕೋರ್‌ಗಳಿಗೆ ನೂರಾರು ಮೆಗಾಬಿಟ್ ವೇಗದಲ್ಲಿ ಈ ಲೆಕ್ಕ ಭಾರವೇ ಅಲ್ಲ.

ಉಳಿದ ಶಕ್ತಿಯಲ್ಲಿ ಇನ್ನೂ ಕೆಲವು ಕೆಲಸ ಆಗುತ್ತವೆ. ಜಾಹೀರಾತು ಮತ್ತು ಬೇಹುಗಾರಿಕೆಯ ಹೆಸರುಗಳಿಗೆ ಉತ್ತರ ಕೊಡದೆ ತಡೆಯುವ ಪೈ-ಹೋಲ್ ಅವುಗಳಲ್ಲೊಂದು. ಜಾಲತಾಣ ಮತ್ತು ಜಾಹೀರಾತು ಒಂದೇ ಹೆಸರಿನಿಂದ ಬರುವಲ್ಲಿ ಅದು ಏನೂ ಮಾಡಲಾರದು. ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತವಾಗಿ ಬರಲು ಜೇಸನ್ ಡೋನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ 2020ರ 5.6 ಕರ್ನೆಲ್‌ನಿಂದ ಲಿನಕ್ಸ್‌ನೊಳಗೇ ಇದೆ. ಪೈ 4ರಲ್ಲಿ ಎಇಎಸ್ ಗೂಢಲಿಪಿಗೆ ಬೇಕಾದ ವಿಶೇಷ ಸೂಚನೆಗಳಿಲ್ಲ. ವೈರ್‌ಗಾರ್ಡ್ ಬಳಸುವ ಚಾಚಾ20ಕ್ಕೆ ಅವು ಬೇಕಿಲ್ಲ. ಹಾಗಾಗಿ ಈ ಬೋರ್ಡಿಗೆ ಅದು ಹೇಳಿಮಾಡಿಸಿದಂತಿದೆ.

ವಿದ್ಯುತ್ತು, ಗಡಿಯಾರ, ಖರ್ಚು

ರೌಟರ್ ಹಗಲಿರುಳು ಓಡಬೇಕಾದದ್ದು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಅದರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಹೊರಗೆ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಹಳೆಯ ಫೋನ್ ಚಾರ್ಜರಿನಿಂದ ನಡೆಸಿದರೆ ವೋಲ್ಟೇಜ್ ಕುಸಿದು, ಕಾರಣ ತಿಳಿಯದಂತೆ ಆಗಾಗ ಸಂಪರ್ಕ ಕಡಿಯುತ್ತದೆ. ಕರೆಂಟ್ ಹೋದಾಗಲೂ ಇಂಟರ್ನೆಟ್ ಇರಲೆಂದು ನಮ್ಮ ಮನೆಗಳಲ್ಲಿ ಇಡುವ ಪುಟ್ಟ ರೌಟರ್ ಯುಪಿಎಸ್‌ಗಳಲ್ಲಿ ಬಹುಪಾಲು 12 ವೋಲ್ಟಿನವು. ಅವನ್ನು ನೇರವಾಗಿ ಪೈಗೆ ಜೋಡಿಸಿದರೆ ಬೋರ್ಡ್ ಸುಟ್ಟುಹೋಗುತ್ತದೆ. 5 ವೋಲ್ಟ್ ಹೊರದಾರಿಯೂ ಇರುವ ಯುಪಿಎಸ್ ಕೊಳ್ಳಬೇಕು.

ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ಬೋರ್ಡಿಗೆ ಇಂದು ಯಾವ ದಿನ ಎಂಬುದು ಗೊತ್ತಿರುವುದಿಲ್ಲ, ಇಂಟರ್ನೆಟ್ಟಿನಿಂದ ಕೇಳಿ ತಿಳಿಯಬೇಕು. ಹೆಸರಿನ ಸತ್ಯಾಸತ್ಯತೆ ಪರಿಶೀಲಿಸುವ ಡಿಎನ್‌ಎಸ್‌ಸೆಕ್ ಹಾಕಿದ್ದರೆ, ದಿನಾಂಕ ತಪ್ಪಾದ್ದರಿಂದ ಯಾವ ಹೆಸರೂ ತೆರೆಯುವುದಿಲ್ಲ, ಹೆಸರು ತೆರೆಯದೆ ಸಮಯ ಸಿಗುವುದಿಲ್ಲ. ಸಮಯದ ಸರ್ವರನ್ನು ಅಂಕಿಯ ವಿಳಾಸದಲ್ಲಿ ಬರೆದಿಟ್ಟರೆ ಈ ಗಂಟು ಬಿಡಿಸಿಕೊಳ್ಳುತ್ತದೆ. 2023ರ ಪೈ 5ರಲ್ಲಿ ಗಡಿಯಾರ ಇದೆ, ಅದರ ಬ್ಯಾಟರಿ ಮಾತ್ರ ಪ್ರತ್ಯೇಕ ಕೊಳ್ಳಬೇಕು.

ಖರ್ಚಿನ ಲೆಕ್ಕದಲ್ಲಿ ಹೊಸದಾಗಿ ಎಲ್ಲ ಕೊಂಡರೆ ಲಾಭವಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಬೋರ್ಡ್, ಕೇಸು, ಅಡಾಪ್ಟರ್, ಕಾರ್ಡು, ಎರಡನೆಯ ಈಥರ್ನೆಟ್, ಆಕ್ಸೆಸ್ ಪಾಯಿಂಟ್ ಎಲ್ಲ ಕೂಡಿಸಿದರೆ ಒಂದು ಒಳ್ಳೆಯ ವೈಫೈ 6 ರೌಟರಿನ ಬೆಲೆಯನ್ನು ದಾಟುತ್ತದೆ. ಬೋರ್ಡ್ ಆಗಲೇ ಕಪಾಟಿನಲ್ಲಿದ್ದರೆ, ವರ್ಷಗಟ್ಟಲೆ ಭದ್ರತಾ ಅಪ್‌ಡೇಟ್ ಬೇಕೆಂದಿದ್ದರೆ, ತನ್ನ ಮನೆಯ ಜಾಲದಲ್ಲಿ ಏನು ನಡೆಯುತ್ತಿದೆ ಎಂದು ಕಣ್ಣಾರೆ ಕಾಣುವ ಆಸೆ ಇದ್ದರೆ ಮಾತ್ರ ಇದು ಸಾರ್ಥಕ. ಒಮ್ಮೆ ಕೆಟ್ಟರೆ ಇಡೀ ಮನೆ ನಿಲ್ಲುತ್ತದೆ. ಸರಿಪಡಿಸಬಲ್ಲವರು ಮನೆಯಲ್ಲಿಲ್ಲದ ದಿನಕ್ಕೆಂದು ಹಳೆಯ ರೌಟರನ್ನು ಸಿದ್ಧವಾಗಿ ಇಟ್ಟಿರಬೇಕು.

ರೌಟರಿಗೆಂದೇ ಹುಟ್ಟಿದ ಬೋರ್ಡ್‌ಗಳು

ಪೈಯ ಕೊರತೆಗಳೇ ಬೇರೆ ತಯಾರಕರಿಗೆ ದಾರಿ ತೋರಿಸಿದವು. 2020ರ ನ್ಯಾನೊಪೈ ಆರ್2ಎಸ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಎರಡು ಗಿಗಾಬಿಟ್ ಪೋರ್ಟ್ ಇದೆ, ವೈಫೈ ಇಲ್ಲ. ಆರ್5ಎಸ್‌ನಲ್ಲಿ ಮೂರು ಪೋರ್ಟ್, ಅವುಗಳಲ್ಲಿ ಎರಡು 2.5 ಗಿಗಾಬಿಟ್ಟಿನವು. ರೇಡಿಯೊ ಬಿಟ್ಟು ಪ್ಯಾಕೆಟ್ ದಾಟಿಸುವುದನ್ನಷ್ಟೇ ಮಾಡುವ ಈ ವಿನ್ಯಾಸ ಬಹಳ ಸರಿಯಾದದ್ದು. ಇನ್ನೊಂದು ತುದಿಯಲ್ಲಿ ಬನಾನಾ ಪೈ ಆರ್3 ಇದೆ. ರೌಟರ್‌ಗಳಿಗೆಂದೇ ಮೀಡಿಯಾಟೆಕ್ ಮಾಡಿದ ಫಿಲಾಜಿಕ್ 830 ಚಿಪ್, ಪ್ರತಿ ಪಟ್ಟಿಗೂ ನಾಲ್ಕು ಧಾರೆಯ ವೈಫೈ 6, ಐದು ಗಿಗಾಬಿಟ್ ಪೋರ್ಟ್ ಅದರಲ್ಲಿವೆ. ಪೈಯಲ್ಲಿ ಸೋತ ರೇಡಿಯೊ ಇಲ್ಲಿ ಅಂಗಡಿಯ ರೌಟರಿಗೆ ಸರಿಸಮ, ಚಾಲಕವೂ ಕರ್ನೆಲ್‌ನಲ್ಲೇ ಇದೆ.

ಓಪನ್‌ಡಬ್ಲ್ಯುಆರ್‌ಟಿ ಯೋಜನೆ ತನ್ನದೇ ಹಾರ್ಡ್‌ವೇರನ್ನು ಮೊದಲ ಬಾರಿಗೆ ಹೊರತಂದದ್ದು 2024ರ ನವೆಂಬರಿನಲ್ಲಿ, ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಜೊತೆಗೂಡಿ, ಬನಾನಾ ಪೈ ತಯಾರಕರ ಕೈಯಲ್ಲಿ ಮಾಡಿಸಿ. ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ಈ ಬೋರ್ಡಿನಲ್ಲಿ ಒಂದು 2.5 ಗಿಗಾಬಿಟ್ ಪೋರ್ಟ್, ಒಂದು ಗಿಗಾಬಿಟ್ ಪೋರ್ಟ್, ಮೂರು ಆಂಟೆನಾ, 1 ಗಿಗಾಬೈಟ್ ಮೆಮೊರಿ ಇವೆ. ಬಿಡುಗಡೆಯಾದಾಗ ಕೇಸಿನೊಂದಿಗೆ ಬೆಲೆ 89 ಡಾಲರ್ ಇತ್ತು. ಚಾಲೂ ವ್ಯವಸ್ಥೆ ಇರುವ ಫ್ಲ್ಯಾಶ್ ಸಂಗ್ರಹದ ಜೊತೆ, ಬೋರ್ಡನ್ನು ಮತ್ತೆ ಎಬ್ಬಿಸುವ ಕನಿಷ್ಠ ವ್ಯವಸ್ಥೆಯನ್ನು ಹೊತ್ತ ಎರಡನೆಯ ಸಂಗ್ರಹವೊಂದಿದ್ದು, ಎರಡರ ನಡುವೆ ಬದಲಾಯಿಸಲು ಕೈಯಿಂದ ಸರಿಸುವ ಸ್ವಿಚ್ ಇಟ್ಟಿದ್ದಾರೆ. ತಪ್ಪು ಇಮೇಜ್ ಬರೆದು ರೌಟರ್ ಏಳದಂತಾದವರು ಆ ಸ್ವಿಚ್ ಸರಿಸಿ, ಯುಎಸ್‌ಬಿ ಡ್ರೈವಿನಿಂದ ಮತ್ತೆ ತುಂಬಿಕೊಳ್ಳಬಹುದು.